ನೇಕಾರನಿಗೇ ಸೀರೆ ಮಾರಲು ಬಂದ ಫೋನು

ಮಗ್ಗದಲ್ಲಿ ಕುಳಿತಿದ್ದ ನಮ್ಮ ಯಜಮಾನರು ಫೋನನ್ನು ಮಗಳ ಮುಂದೆ ಹಿಡಿದರು. “ಏನಮ್ಮಾಯಿ, ದಿನಾ ನನಗೆ ರೇಷ್ಮೆ ಸೀರೆ ತಗೋ ಅಂತೈತೆ. ಇದಕ್ಕೆ ನಾನು ಹೆಂಗಸಿನಂಗೆ ಕಾಣ್ತೀನಾ?”

ಚಳ್ಳಕೆರೆಯ ಕಾಲೇಜಿನಲ್ಲಿ ಡೇಟಾ ಸೈನ್ಸ್ ಕಲಿಯುತ್ತಿರುವ ಮಗಳು ನಕ್ಕಳು. ನೇಯಲು ಹೊಸ ಅಂಚಿನ ವಿನ್ಯಾಸಗಳನ್ನು ಹುಡುಕುತ್ತಾ ನಮ್ಮ ಯಜಮಾನರು ಬಿಡುವಾದಾಗಲೆಲ್ಲ ಫೋನಿನಲ್ಲಿ ಸೀರೆಯ ಚಿತ್ರಗಳನ್ನೇ ನೋಡುತ್ತಿರುತ್ತಾರೆ. “ನಾನ್ನಾ,” ಎಂದು ಅಪ್ಪನನ್ನು ತೆಲುಗಿನಲ್ಲಿ ಕರೆದು, “ನೀನು ನೋಡಿದ್ದನ್ನೆಲ್ಲ ಕೂಡಿಸಿ, ಇವರಿಗೆ ಸೀರೆ ಬೇಕು ಅಂತ ಅದು ಊಹೆ ಮಾಡ್ತೈತೆ. ನೀನು ನೇಯೋನು ಅಂತ ಅದಕ್ಕೇನು ಗೊತ್ತು?” ಎಂದಳು.

ಪಕ್ಕದಲ್ಲಿ ಲಾಳಿಯೊಳಗೆ ಕೂರಿಸುವ ಕಂಡಿಕೆಗೆ ನೂಲು ಸುತ್ತುತ್ತಿದ್ದ ನಾನು ಸುಮ್ಮನಿರಲಿಲ್ಲ. “ಊಹೆ ಏನೂ ತಪ್ಪಿಲ್ಲ ಬಿಡ್ರಿ. ಈ ಮನೇಲಿ ಒಬ್ಬರಿಗೆ ಸೀರೆ ಬೇಕಾಗೈತೆ. ಮದುವೆಯಾದಾಗಿಂದ ನಿಮ್ಮ ಮಗ್ಗದ ಸೀರೆ ಒಂದೂ ನನ್ನ ಮೈಮೇಲೆ ಬಂದಿಲ್ಲ.”

ಮಗಳು ಮತ್ತೆ ನಕ್ಕಳು. ಇವರು ನಗಲಿಲ್ಲ. ಫೋನು ಪಕ್ಕಕ್ಕಿಟ್ಟು ಮತ್ತೆ ಲಾಳಿ ಹಿಡಿದರು. ಮುಂದಿನ ವಾರ ಮಗ್ಗಕ್ಕೆ ಹೊಸ ಸೀರೆಯ ಹಾಸುನೂಲು ಏರಿಸುವಾಗ ನನ್ನ ಮುಖ ನೋಡದೆಯೇ ಕೇಳಿದರು, “ನಿನಗೆ ಅಂಚು ಯಾವ ಬಣ್ಣ ಇರ್ಲಿ?”

ಈಗ ಮಗ್ಗದ ಮೇಲೆ ನನಗಾಗಿ ಹಸಿರು ಅಂಚಿನ ಸೀರೆ ಇದೆ. ಮಾರುವ ಸೀರೆಗಳಿಗೆ ಹೇಳುವಂತೆ ಬೇಗ ಮುಗಿಸಿ ಎಂದು ಅವಸರಪಡಿಸಲು ಈ ಸಲ ನನಗೇ ಮನಸ್ಸಿಲ್ಲ.