ಸೋಮವಾರ ಬಂದ ಬಹುವಚನ

ಇಂಗ್ಲಿಷಿನಲ್ಲಿ ಕಳ್ಳನಿಗೂ ಅಮಲ್ದಾರರಿಗೂ ಒಂದೇ ‘ಹಿ’ ಎಂದು ಎಷ್ಟೋ ವರ್ಷ ಪಾಠ ಮಾಡಿದೆನಾದರೂ ನಾನು ಅದನ್ನು ಮನಸಾರೆ ಒಪ್ಪಿದವನಲ್ಲ.

ಐವತ್ತರ ದಶಕದ ಕೊನೆಯಲ್ಲಿ ದುರ್ಗಿಗುಡಿಯ ನಮ್ಮ ಮನೆ ಜಗುಲಿಯಲ್ಲಿ ಸಂಜೆ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಭದ್ರಾವತಿಯಲ್ಲಿ ಬಕೆಟ್ ತಯಾರಿಸುವ ಒಂದು ಸಣ್ಣ ಕಾರ್ಖಾನೆಯಿಂದ ರುದ್ರಪ್ಪ ಬರುತ್ತಿದ್ದ. ಹೊಳಲೂರಿನವನು, ನಲವತ್ತು ದಾಟಿದವನು. ಗುಮಾಸ್ತೆ ಪರೀಕ್ಷೆ ಪಾಸಾದರೆ ಕಾದ ತಗಡಿನ ಮುಂದೆ ನಿಲ್ಲುವುದು ತಪ್ಪಿ ಕುರ್ಚಿ ಸಿಗುತ್ತಿತ್ತು. ಎರಡು ಸಲ ಫೇಲಾಗಿದ್ದ, ಮೂರನೆಯದೇ ಕೊನೆ. ಅವನನ್ನು ಬೀಳಿಸುತ್ತಿದ್ದುದು ಬಿಟ್ಟ ಸ್ಥಳ ತುಂಬುವ ಪ್ರಶ್ನೆ. ಪ್ಯೂನ್ ಛತ್ರಿ ಮರೆತರೆ ಸರಿಯಾಗಿ ‘ಹಿಸ್’ ಬರೆಯುವನು. ಅದೇ ಛತ್ರಿಯನ್ನು ಮ್ಯಾನೇಜರ್ ಮರೆತರೆ ‘ದೇರ್’.

“ಮ್ಯಾನೇಜರ್ ಎಷ್ಟು ಜನ ರುದ್ರಪ್ಪ?”

“ಒಬ್ರೇ ಮೇಷ್ಟ್ರೇ.”

“ಮತ್ತೆ ‘ದೇರ್’ ಯಾಕೆ?”

“ದೊಡ್ಡೋರು. ಅವನು ಇವನು ಅಂತ ಹೆಂಗೆ ಬರೀಲಿ? ನಾಳೆ ಮುಖ ನೋಡ್ಬೇಕಲ್ಲ.”

ಇಂಗ್ಲಿಷ್ ವ್ಯಾಕರಣಕ್ಕೆ ದೊಡ್ಡವರು ಚಿಕ್ಕವರು ಇಲ್ಲ, ತಲೆ ಎಣಿಸುವುದಷ್ಟೇ ಅದರ ಕೆಲಸ ಎಂದು ತಿಂಗಳುಗಟ್ಟಲೆ ಹೇಳಿದೆ. “ಹಾಗಾದ್ರೆ ನಿಮ್ಗೂ ‘ಹಿ’ನಾ?” ಎಂದು ಕೇಳಿದ. ಹೌದೆಂದೆ. ನನ್ನ ದನಿ ಸ್ವಲ್ಪ ಇಳಿದಿತ್ತು.

ಪರೀಕ್ಷೆಯಲ್ಲಿ ಹಲ್ಲು ಕಚ್ಚಿಕೊಂಡು ‘ಹಿಸ್’ ಬರೆದು ಪಾಸಾದ. ಮಾರನೆಯ ದಿನವೇ ಮ್ಯಾನೇಜರ ಕೋಣೆಗೆ ಹೋಗಿ, “ಪೇಪರಲ್ಲಿ ನಿಮ್ಮನ್ನ ಏಕವಚನದಲ್ಲಿ ಅಂದಿದೀನಿ ಸಾರ್, ಕ್ಷಮಿಸ್ಬೇಕು” ಎಂದು ಕೈಮುಗಿದನಂತೆ. ತಲೆಬುಡ ತಿಳಿಯದೆ ಅವರು ಆಗಲಿ ಎಂದರಂತೆ.

ಕುರ್ಚಿಯಲ್ಲಿ ಕೂತು ಅವನು ಬರೆದ ಮೊದಲ ಕಾಗದ ನಮ್ಮೂರ ಗಾಂಧಿ ಬಜಾರಿನ ಬಕೆಟ್ ಸಗಟು ವ್ಯಾಪಾರಿ ಶಿವಲಿಂಗಪ್ಪನವರಿಗೆ ಬಂತು. ಅವರಿಗೆ ಇಂಗ್ಲಿಷ್ ಬಾರದು. ನನ್ನ ಹತ್ತಿರ ತಂದರು. ಬರೆದವರು ಯಾರೆಂದು ಆಗ ನಾನು ಗಮನಿಸಲಿಲ್ಲ. ಮ್ಯಾನೇಜರ್ ಸೋಮವಾರ ಬರುತ್ತಾರೆ, ಅವರು ಊಟಕ್ಕಿರುತ್ತಾರೆ ಎಂದಿತ್ತು. ಆ ‘ಅವರು’ ಇದ್ದ ಜಾಗದಲ್ಲಿ ‘ದೇ’.

“ಎಷ್ಟು ಜನ ಮೇಷ್ಟ್ರೇ?”

ಕನ್ನಡ ಬಲ್ಲ ಯಾರಾದರೂ ಒಬ್ಬರೇ ಎನ್ನುತ್ತಿದ್ದರು. ನಾನು ವ್ಯಾಕರಣದವನು. “‘ದೇ’ ಅಂದ್ರೆ ಇಬ್ರಿಗೆ ಕಮ್ಮಿ ಇಲ್ಲ. ಮೇಲೆ ಎಷ್ಟಾದ್ರೂ ಇರ್ಬಹುದು” ಎಂದೆ.

ಶಿವಲಿಂಗಪ್ಪನವರು ಹೋಳಿಗೆ ಮಾಡಿಸಿ ಎಂಟು ಎಲೆ ಹಾಕಿಸಿದರು. ಅತಿಥಿಗಳ ಜೊತೆ ಇಂಗ್ಲಿಷ್ ಮಾತಾಡಲೆಂದು ನನ್ನನ್ನೂ ಕರೆದರು. ಜಟಕಾದಿಂದ ಮ್ಯಾನೇಜರೊಬ್ಬರೇ ಇಳಿದರು.

“ಇನ್ನು ಯಾರ್ಯಾರು ಬರ್ತಾರೆ?” ಎಂದು ಅವರೇ ಎಲೆಗಳನ್ನು ನೋಡಿ ಕೇಳಿದರು. ಶಿವಲಿಂಗಪ್ಪನವರು ಕಾಗದ ತೋರಿಸಿದರು. ಆಗ ನನಗೆ ಅಕ್ಷರದ ಗುರುತು ಹತ್ತಿತು. ರುದ್ರಪ್ಪನ ಕುರ್ಚಿ ಹೋಯಿತೆಂದುಕೊಂಡೆ.

“ತಪ್ಪು ನಂದು ಸಾರ್. ಅವನಿಗೆ ಕಲಿಸಿದೋನೂ ನಾನೇ, ಇದನ್ನ ಓದಿ ಹೇಳಿದೋನೂ ನಾನೇ. ಮರ್ಯಾದೆಗೆ ಅವನು ಬಹುವಚನ ಬರೀತಾನೆ.”

ಮ್ಯಾನೇಜರ್ ಕಾಗದವನ್ನು ಮತ್ತೊಮ್ಮೆ ಓದಿದರು.

“ಅವತ್ತು ಬಂದು ಕೈಮುಗಿದಿದ್ದು ಇದಕ್ಕಾ?” ಎಂದರು. “ಬೆನ್ನ ಹಿಂದೆಯೂ ನನ್ನನ್ನ ಬಹುವಚನದಲ್ಲಿ ಅನ್ನೋನು ಆ ಕಾರ್ಖಾನೇಲಿ ಇವನೊಬ್ನೇ ಇರ್ಬೇಕು. ಇರ್ಲಿ ಬಿಡಿ” ಎಂದು ಕಾಗದ ಮಡಚಿ ಜೇಬಿಗಿಟ್ಟು ಎಲೆಯ ಮುಂದೆ ಕೂತರು.

ಉಳಿದ ಎಲೆಗಳಿಗೆ ಅಂಗಡಿಯ ಮೂವರು ಲೆಕ್ಕಿಗರು, ಪಕ್ಕದ ಬಟ್ಟೆ ವ್ಯಾಪಾರಿ, ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಪರಿಚಯದವರು, ನಾನು, ಎಲ್ಲರೂ ಕೂತೆವು. ಸರ್ವನಾಮ ನಾಮಪದಕ್ಕೆ ಹೊಂದಬೇಕೆಂದು ಅಷ್ಟು ವರ್ಷ ಕಲಿಸಿದ್ದೆ. ಶಿವಲಿಂಗಪ್ಪನವರು ಸರ್ವನಾಮಕ್ಕೆ ಹೊಂದುವಷ್ಟು ನಾಮಪದಗಳನ್ನು ಬೀದಿಯಿಂದ ಕರೆತಂದು ಕೂರಿಸಿದ್ದರು. ಹಾಗೂ ಸರಿಹೋಗುತ್ತದೆಂದು ಯಾವ ವ್ಯಾಕರಣವೂ ನನಗೆ ಹೇಳಿರಲಿಲ್ಲ.