ಕಟ್ಟಕ್ಕೆ ಹೋಗದವನನ್ನು ಯಾರೂ ಬೈಯಲಿಲ್ಲ

ಕಳೆದ ಸೋಮವಾರ ಬೆಳಿಗ್ಗೆ ಎಡ ಮೊಣಕಾಲಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ಹಾಲು ತರಲು ಹೊರಟೆ. ಲುಂಗಿ ಎತ್ತಿ ಕಟ್ಟಿದ್ದೆ, ಬ್ಯಾಂಡೇಜ್ ನಾಲ್ಕು ಜನರ ಕಣ್ಣಿಗೆ ಬೀಳಲಿ ಅಂತ. ಮೊಣಕಾಲಿಗೆ ಏನಾಗಿತ್ತು? ಏನೂ ಆಗಿರಲಿಲ್ಲ.

ಹಿಂದಿನ ದಿನ ನಮ್ಮಲ್ಲಿ ಕಟ್ಟ ಕಟ್ಟುವ ಕೆಲಸ. ಮುಳ್ಳೇರಿಯದಿಂದ ಸ್ವಲ್ಪ ಈಚೆಗೆ ನಮ್ಮ ತೋಡು, ಒಂದು ಸಣ್ಣ ಹಳ್ಳ. ಮಳೆ ನಿಂತ ಮೇಲೆ ಕಲ್ಲು, ಮಣ್ಣಿನ ಚೀಲ, ಪ್ಲಾಸ್ಟಿಕ್ ಶೀಟ್ ಇಟ್ಟು ಅದರ ನೀರಿಗೆ ಅಡ್ಡ ಕಟ್ಟುತ್ತೇವೆ. ಹಾಗೆ ಮಾಡಿದರೆ ಎರಡೂ ದಡದ ಬಾವಿಗಳು ಬೇಸಿಗೆ ದಾಟುತ್ತವೆ. "ಆದಿತ್ಯವಾರ ಕಟ್ಟ, ಮನೆಗೊಬ್ಬರು" ಅಂತ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಬಂದಿತ್ತು.

ಹೋಗದಿದ್ದರೆ ದಂಡ ಇಲ್ಲ, ನೋಟೀಸ್ ಇಲ್ಲ. ಹತ್ತು ಗಂಟೆಯ ಚಾ ಒಂದಿದೆ. (ಆಗ ಅವಲಕ್ಕಿ ಮೆಲ್ಲುತ್ತಾ ಬಾರದವರ ಮರ್ಯಾದೆ ತೆಗೆಯುತ್ತಾರೆ. ನಾನೂ ತೆಗೆದಿದ್ದೇನೆ, ಬಹಳ ಚೆನ್ನಾಗಿ.) ನನ್ನನ್ನು ಕೇಳಿದರೆ ನಮ್ಮ ಕಟ್ಟ ನಿಂತಿರುವುದೇ ಆ ಚಾದ ಹೆದರಿಕೆಯ ಮೇಲೆ.

ನನ್ನ ಹೆಂಡತಿಗೆ ಆ ಹೆದರಿಕೆ ಜಾಸ್ತಿ. ಒಂದು ವರ್ಷ ನನಗೆ ಜ್ವರ ಇದ್ದಾಗಲೂ ಎಬ್ಬಿಸಿ ಕಳಿಸಿದ್ದಳು. "ನೀವು ಹೋಗದಿದ್ದರೆ ನಾಳೆ ಆ ದಾರಿಯಲ್ಲಿ ನಾನು ಹೇಗೆ ನಡೆಯುವುದು?"

ಈ ಮಳೆಗಾಲಕ್ಕೆ ಮುಂಚೆ ಅವಳು ತೀರಿಕೊಂಡಳು. ಎಬ್ಬಿಸುವವರಿಲ್ಲ, ನಾನು ಏಳಲಿಲ್ಲ. ತೋಡಿನ ಕಡೆಯಿಂದ ಹಾರೆಯ ಸದ್ದು, ನಗು ಎಲ್ಲ ಕೇಳುತ್ತಿತ್ತು. ಹತ್ತು ಗಂಟೆಗೆ ಹಾರೆಗಳು ನಿಂತವು. ಚಾ ಬಂತು, ಇನ್ನು ನನ್ನ ಗ್ರಹಚಾರ ಅಂತ ಎದ್ದು ಬ್ಯಾಂಡೇಜ್ ಹುಡುಕಿದೆ.

ಸೋಮವಾರ ದಾರಿಯಲ್ಲಿ ಸಿಕ್ಕಿದವನು ಅಬ್ದುಲ್ಲ. ತೋಡಿನ ಆಚೆ ದಡದವನು, ಕಟ್ಟದ ಕೆಲಸಕ್ಕೆ ಅವನೇ ಮೇಸ್ತ್ರಿ, ನಾಲಿಗೆ ಬಲು ಹರಿತ.

"ನಿನ್ನೆ ಬರಲಿಕ್ಕೆ ಆಗಲಿಲ್ಲ ಮಾರಾಯ" ಎಂದು ಕಾಲು ಮುಂದೆ ಚಾಚಿದೆ. ಅವನು ಕಾಲು ನೋಡಲೇ ಇಲ್ಲ.

"ಅದಕ್ಕೆಂತ ಅಣ್ಣ? ನಿಮ್ಮನ್ನು ಕರೆಯುವುದು ಬೇಡ ಅಂತ ನಾವೇ ಮೊದಲೇ ಮಾತಾಡಿಕೊಂಡಿದ್ದೆವು. ಪಾಪ, ಒಬ್ಬರೇ ಇದ್ದೀರಿ."

"ಚಾ ಕುಡಿಯುವಾಗ ನನ್ನ ಬಗ್ಗೆ ಯಾರೂ ಎಂತದೂ ಹೇಳಲಿಲ್ವಾ?"

"ಇಲ್ಲಪ್ಪ. ನಿನ್ನೆ ಇಡೀ ಶೇಖರನದ್ದೇ ಸುದ್ದಿ. ತಡವಾಗಿ ಬಂದದ್ದಲ್ಲದೆ ಹಾರೆ ಬೇರೆ ಮರೆತು ಬಂದಿದ್ದ. ಬಿಡಲಿಕ್ಕೆ ಉಂಟಾ? ದೊಡ್ಡ ಕಲ್ಲುಗಳನ್ನೆಲ್ಲ ಅವನಲ್ಲೇ ಹೊರಿಸಿದೆವು."

ನನಗೆ ಸಮಾಧಾನ ಆಗಬೇಕಿತ್ತು, ಅಲ್ಲವೇ? ಆದದ್ದು ಹೊಟ್ಟೆಕಿಚ್ಚು. ಅದೂ ಶೇಖರನ ಮೇಲೆ! ಅವನು ಮುಂದಿನ ವರ್ಷ ಎಲ್ಲರಿಗಿಂತ ಮೊದಲು ಹಾರೆ ಹಿಡಿದು ಬಂದು ನಿಲ್ಲುತ್ತಾನೆ, ನೋಡುತ್ತಿರಿ. ಬೈದದ್ದು ಅದಕ್ಕೇ ತಾನೇ? ನಮ್ಮಲ್ಲಿ ಒಬ್ಬನನ್ನು ಬೈದರೆ ಅವನು ಮತ್ತೆ ಬರಬೇಕು ಎಂದೇ ಅರ್ಥ. ನನಗೆ ಪೂರ್ತಿ ಮಾಫಿ ಸಿಕ್ಕಿದೆ. ಕೊಟ್ಟವರೆಲ್ಲ ಒಳ್ಳೆಯ ಮನಸ್ಸಿನವರು. ಜಗಳಕ್ಕೆ ಹೋಗುವ ಹಾಗೂ ಇಲ್ಲ.

ಮನೆಗೆ ಬಂದು ಬಾವಿಗೆ ಇಣುಕಿದೆ. ನೀರು ಆಗಲೇ ಸ್ವಲ್ಪ ಮೇಲೆ ಬಂದಿತ್ತು. ಒಂದು ಕಲ್ಲನ್ನೂ ಎತ್ತದವನ ಬಾವಿಗೂ ನೀರು ಬಂದಿದೆ. ಅದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು, ಮನೆಯಲ್ಲಿ ಯಾರೂ ಇರಲಿಲ್ಲ. ಒಳಗೆ ಕೂತು ಬ್ಯಾಂಡೇಜ್ ಬಿಚ್ಚಿದೆ. ಅವಳಿದ್ದಿದ್ದರೆ ಅದನ್ನು ಸುತ್ತಿಕೊಂಡು ಅಂಗಳ ದಾಟಲು ಬಿಡುತ್ತಿದ್ದಳೇ?

ಈ ವಾರ ನಿಮ್ಮನ್ನು ಯಾರಾದರೂ ಬೈದರಾ? ನಾನಾಗಿದ್ದರೆ ಅವರ ಮನೆಗೇ ಹೋಗಿ ಒಂದು ಚಾ ಕುಡಿದು ಬರುತ್ತಿದ್ದೆ.