ಮಲ್ಲಪ್ಪನವರು ಕೊಳ್ಳದೆ ಬಿಟ್ಟ ಫೋನು

ಎರಡು ವರ್ಷದೊಳಗೆ ಮೂರು ಫೋನು ಬದಲಾಯಿಸಿದ ಮೇಲೆ ಮಲ್ಲಪ್ಪನವರಿಗೆ ಕೂಕಟ್‌ಪಲ್ಲಿಯ ಅವರ ಅಪಾರ್ಟ್‌ಮೆಂಟಿನಲ್ಲಿ ಶೋಕಿ ಮನುಷ್ಯ ಎಂಬ ಹೆಸರು ಬಂದಿತ್ತು. ಅವರನ್ನು ಹತ್ತಿರದಿಂದ ಬಲ್ಲವರಿಗೆ ಇದು ನಂಬುವ ಮಾತಲ್ಲ. ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಆಯುಷ್ಯವೆಲ್ಲ ಲೇತ್ ಯಂತ್ರ ನಡೆಸಿ ನಿವೃತ್ತರಾದ ಅವರು ಚಪ್ಪಲಿ ಹರಿದರೆ ಹೊಲಿಸಿಕೊಂಡು ಬರುವವರೇ ಹೊರತು ಹೊಸದು ಕೊಳ್ಳುವವರಲ್ಲ. ಅಂಥವರು ಫೋನಿನ ವಿಷಯಕ್ಕೆ ಬಂದಾಗ ಮಾತ್ರ ಕೆಲವೇ ತಿಂಗಳಲ್ಲಿ ಮುಖ ಸಿಂಡರಿಸಿ, "ಇದು ಸರಿ ಇಲ್ಲ, ಬ್ಯಾರೇದು ನೋಡೂಣು" ಅನ್ನುತ್ತಿದ್ದರು.

ಮೊದಲನೆಯದು ತೀರ ಚಿಕ್ಕದೆಂದರು. ಒಂದು ಅಕ್ಷರ ಒತ್ತಿದರೆ ಪಕ್ಕದ್ದು ಬೀಳುತ್ತದೆ ಎಂಬುದು ದೂರು. ದೊಡ್ಡ ಪರದೆಯ ಎರಡನೆಯದನ್ನು ತಂದರೆ, ಅದು ಮುಟ್ಟುವ ಮೊದಲೇ ಓಡುತ್ತದೆ ಎಂದರು. ಮೂರನೆಯದಕ್ಕೆ ಬರೆಯಲು ಒಂದು ಕಡ್ಡಿಯೂ ಜೊತೆಗೆ ಬಂದಿತ್ತು. ಬೆರಳಿನದೇ ತೊಂದರೆಯಾದರೆ ಕಡ್ಡಿ ಇದೆಯಲ್ಲ ಎಂದು ಮಗಳು ಸಂಯುಕ್ತಾ ಯೋಚನೆ ಮಾಡಿಯೇ ಆರಿಸಿದ್ದಳು. ಕಡ್ಡಿ ಹಿಡಿದರೆ ಅವಸ್ಥೆ ಇನ್ನೂ ಕೆಟ್ಟಿತು. ಅವರು ಅದನ್ನು ಟಿವಿಯ ಹಿಂದೆ ಎಸೆದು ಕಳೆದುಹೋಯಿತು ಎಂದರು.

ಬೇಡವೆಂದ ಮೊದಲ ಫೋನು ಹೆಂಡತಿ ಕಮಲಾಕ್ಷಿಗೆ ಹೋಯಿತು. ಆಕೆ ಅದರಲ್ಲೇ ರಂಗೋಲಿಯ ವಿಡಿಯೋ ನೋಡುತ್ತ, ಲಿಂಗಸೂಗೂರಿನ ತಂಗಿಗೆ ಉದ್ದುದ್ದ ಸಂದೇಶ ಕಳಿಸುತ್ತ ಕೂತರು. "ನನಗ ಇದು ಛಲೋನ ನಡದೈತಲ್ರಿ, ನಿಮಗ್ಯಾಕ ಆಗವಲ್ದು?" ಎಂದು ಕೇಳಿದಾಗ ಮಲ್ಲಪ್ಪನವರು ಎದ್ದು ಬಾಲ್ಕನಿಗೆ ಹೋದರು.

ಫೋನಿನಲ್ಲಿ ಏನೂ ಕೆಟ್ಟಿಲ್ಲವೆಂದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ನಡುಗುತ್ತಿದ್ದುದು ಅವರ ಬಲಗೈ. ಸುಮ್ಮನೆ ತೊಡೆಯ ಮೇಲೆ ಇಟ್ಟಾಗ ಏನಿಲ್ಲ. ಏನನ್ನಾದರೂ ಹಿಡಿಯಲು, ಒತ್ತಲು ಚಾಚಿದೊಡನೆ ಬೆರಳು ತಾನಾಗಿಯೇ ಆಡುತ್ತಿತ್ತು. ಹೊರಗೆ ಹೋದರೆ ಕೈಯನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಳ್ಳುವುದು ಅಭ್ಯಾಸವಾಗಿತ್ತು. ಹೋಟೆಲಿನಲ್ಲಿ ಚಹಾ ಕುಡಿಯುವುದನ್ನು ಬಿಟ್ಟಿದ್ದರು. ಕೇಳಿದರೆ ಆ್ಯಸಿಡಿಟಿ ಎನ್ನುತ್ತಿದ್ದರು.

ಈ ಬೆರಳಿನಿಂದಾಗಿ ಇನ್ನೊಂದು ಪೇಚು ಬೇರೆ. ಅಪ್ಪನಿಗೆ ಸುಲಭವಾಗಲೆಂದು ಸಂಯುಕ್ತಾ ಬೇಕಾದವರ ಫೋಟೋಗಳನ್ನು ಪರದೆಯ ಮೇಲೆ ಸಾಲಾಗಿ ಜೋಡಿಸಿದ್ದಳು. ಫೋಟೋ ಮುಟ್ಟಿದರೆ ಅವರಿಗೆ ಫೋನು ಹೋಗುತ್ತದೆ. ಕಮಲಾಕ್ಷಿಯ ಪಕ್ಕದಲ್ಲೇ ಗೊಲ್ಲಾಳಪ್ಪನವರ ಫೋಟೋ. ಒಂದೇ ಕಾರ್ಖಾನೆಯಲ್ಲಿ ಪಕ್ಕದ ಯಂತ್ರದಲ್ಲಿ ದುಡಿದವರು, ಈಗ ಅದೇ ನಗರದ ಮೆಹದಿಪಟ್ಟಣಂನಲ್ಲಿ ಒಬ್ಬರೇ ಇರುವವರು. ರೈತು ಬಜಾರಿನಲ್ಲಿ ನಿಂತು ಯಾವ ಕಾಯಿಪಲ್ಯ ತರಲಿ ಎಂದು ಹೆಂಡತಿಯನ್ನು ಕೇಳಲು ಹೊರಟರೆ ಆ ಕಡೆಯಿಂದ ಗೊಲ್ಲಾಳಪ್ಪನವರ ದನಿ, "ಹೇಳ್ರಿ ಮಲ್ಲಪ್ಪ."

ತಪ್ಪಿ ಹತ್ತಿತು ಎನ್ನಲು ಇವರಿಗೆ ಬಾಯಿ ಬರದು. ಒಮ್ಮೆ ಹೇಳಿದರೆ ಮೂರು ದಿನಕ್ಕೆ ಮತ್ತೆ ಅದನ್ನೇ ಹೇಳಬೇಕಾಗುತ್ತದೆ, ಯಾಕೆಂಬ ಪ್ರಶ್ನೆ ಬರುತ್ತದೆ. "ಹಿಂಗ ಸುಮ್ನ ಹಚ್ಚಿದ್ನಿರಿ. ಊಟ ಆತೇನು?" ಎಂದುಬಿಡುತ್ತಿದ್ದರು. ಊಟದ ಮಾತು ಮುಗಿದ ಮೇಲೆ ಮತ್ತೇನಾದರೂ ಬೇಕಲ್ಲ. ಮೊಣಕಾಲು ಹೇಗಿದೆ, ನಿಮ್ಮ ಮಗಳು ಪುಣೆಯಿಂದ ಬಂದಿದ್ದಳೇ, ಹುಳಿಯನ್ನ ಹೇಗೆ ಮಾಡುತ್ತೀರಿ ಎಂದೆಲ್ಲ ಕೇಳುತ್ತಿದ್ದರು. ಬಜಾರಿನ ಗದ್ದಲದಲ್ಲಿ ಕೊತ್ತಂಬರಿ ಹಿಡಿದು ನಿಂತು ಹುಳಿಯನ್ನದ ಒಗ್ಗರಣೆ ಕೇಳಿಸಿಕೊಂಡದ್ದೂ ಉಂಟು.

ಮೂರನೆಯದೂ ಸರಿ ಇಲ್ಲ ಎಂದಾಗ ಸಂಯುಕ್ತಾಳಿಗೆ ಸಿಟ್ಟು ಬಂತು. ಆದರೂ ಶನಿವಾರ ಶಾಲೆಯಿಂದ ಬಂದವಳು, ಪಾಠ ಹೇಳಿ ದಣಿದಿದ್ದರೂ, ಅಪ್ಪನನ್ನು ಮೆಟ್ರೊ ಸ್ಟೇಷನ್ನಿನ ಕೆಳಗಿನ ದೊಡ್ಡ ಅಂಗಡಿಗೆ ಕರೆದುಕೊಂಡು ಹೋದಳು. ಅಂಗಡಿಯವನು ಒಂದು ಹೊಳೆಯುವ ಫೋನು ಮುಂದಿಟ್ಟು ಕ್ಯಾಮೆರಾದ ಗುಣಗಾನ ಶುರು ಮಾಡಿದ. "ಒಕ ಫೋಟೋ ತೀಸಿ ಚೂಡಂಡಿ ಅಂಕುಲ್" ಎಂದು ತೆಲುಗಿನಲ್ಲಿ ಹೇಳಿ, ಒಂದು ಫೋಟೋ ತೆಗೆದು ನೋಡಲು ಕೈಗೇ ಕೊಟ್ಟ.

ಜೇಬಿನಿಂದ ಕೈ ತೆಗೆಯದೆ ಗತಿಯಿರಲಿಲ್ಲ. ಮಲ್ಲಪ್ಪನವರು ಮಗಳ ಫೋಟೋ ತೆಗೆದರು. ಮಸುಕಾಗಿ ಬಂತು. ಇನ್ನೊಂದು ತೆಗೆದರು. ಅದೂ ಹಾಗೇ. ಅಂಗಡಿಯವನು ತಾನೇ ತಪ್ಪು ಮಾಡಿದವನಂತೆ ಲೆನ್ಸನ್ನು ಬಟ್ಟೆಯಿಂದ ಒರೆಸಿ ಮತ್ತೆ ಕೊಟ್ಟ. ಮೂರನೆಯ ಸಲ ಅವರು ಫೋನು ಎತ್ತಿದಾಗ ಸಂಯುಕ್ತಾ ಕ್ಯಾಮೆರಾ ಕಡೆ ನೋಡುತ್ತಿರಲಿಲ್ಲ. ಅಪ್ಪನ ಮಣಿಕಟ್ಟು ನೋಡುತ್ತಿದ್ದಳು.

"ಇವತ್ತ ಬ್ಯಾಡ ಬಿಡಪ್ಪ. ಮನೀಗೆ ಹೋಗೂಣು" ಎಂದಳು.

ಹೊರಗೆ ಬಂದು ಸ್ಟೇಷನ್ನಿನ ಮೆಟ್ಟಿಲ ಬದಿಯಲ್ಲಿ ನಿಂತರು. ಮೇಲೆ ಒಂದು ರೈಲು ಸದ್ದು ಮಾಡಿಕೊಂಡು ಹೋಯಿತು. ಅದು ಹೋದ ಮೇಲೆ ಅವಳು ಕೇಳಿದಳು.

"ಯಾವಾಗಿಂದ?"

"ಏನು ಯಾವಾಗಿಂದ?"

"ಕೈ."

ಮಲ್ಲಪ್ಪನವರು ರಸ್ತೆ ನೋಡುತ್ತ ಹೇಳಿದರು. "ರಿಟೈರ್ ಆಗೂಕಿಂತ ಮೊದಲ. ಕಡೀಗೆ ನನ್ನನ್ನ ಸ್ಟೋರಿನಾಗ ಸೂಪರ್‌ವೈಸರ್ ಮಾಡಿದ್ರಲ್ಲ, ಪ್ರಮೋಷನ್ ಅಂತ ನಿಮ್ಮವ್ವ ಪೇಢಾ ಹಂಚಿದ್ಲು. ಅದು ಪ್ರಮೋಷನ್ ಅಲ್ಲವ್ವ. ಯಂತ್ರದ ಮ್ಯಾಲೆ ಕೈ ನಿಲ್ಲವಲ್ದು ಅಂತ ನಾನ ಕೇಳಿ ತಗೊಂಡಿದ್ದೆ."

"ನಮಗ ಹೇಳಬಾರದಿತ್ತೇನು?"

"ನಮ್ಮಪ್ಪಗೂ ಹಿಂಗ ನಡುಗತಿತ್ತು. ಕುಡೀತಾನ ಅಂತ ಊರೆಲ್ಲ ಆಡಿಕೊಂಡ್ರು. ಅಂವ ಒಂದು ಹನಿ ಮುಟ್ಟಿದಾಂವ ಅಲ್ಲ."

ಮರುವಾರ ಸಂಯುಕ್ತಾ ಅಪ್ಪನನ್ನು ನರರೋಗದ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದಳು. ಅವರು ಕೈ ಚಾಚಿಸಿ, ಕಾಗದದ ಮೇಲೆ ಸುರುಳಿ ಬರೆಸಿ, ನಡೆಸಿ ನೋಡಿದರು. ಹೆದರುವಂಥದ್ದಲ್ಲ, ಇದು ಮನೆತನದಲ್ಲಿ ಹರಿದು ಬರುವ ನಡುಕ, ಮಾತ್ರೆಯಿಂದ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ ಎಂದರು. ತಂದೆಗೂ ಇದೇ ಇದ್ದಿರಬೇಕು ಎಂದಾಗ ಮಲ್ಲಪ್ಪನವರು ಡಾಕ್ಟರರನ್ನು ಅದೇ ಮಾತು ಇನ್ನೊಮ್ಮೆ ಹೇಳಲು ಕೇಳಿಕೊಂಡರು.

ನಾಲ್ಕನೆಯ ಫೋನು ಬರಲಿಲ್ಲ. ಮೂರನೆಯದರೊಳಗೇ ಹುಡುಕಿ ಸಂಯುಕ್ತಾ ಕೆಲವು ಸೆಟ್ಟಿಂಗ್ ಬದಲಾಯಿಸಿದಳು. ಈಗ ಬೆರಳು ಸ್ವಲ್ಪ ಹೊತ್ತು ನಿಂತರೆ ಮಾತ್ರ ಅದು ಒತ್ತಿದಂತೆ, ಅಕಸ್ಮಾತ್ ತಾಕಿದ್ದು ಲೆಕ್ಕಕ್ಕಿಲ್ಲ. ಬಾಯಿಂದ ಹೇಳಿದರೂ ಫೋನು ಕೇಳುವಂತೆ ಮಾಡಿದಳು. ಆದರೆ ಅವರ ರಾಯಚೂರು ಕಡೆಯ ಮಾತು ಅದಕ್ಕೆ ತಿಳಿಯಲಿಲ್ಲ. "ಕಮಲಾಕ್ಷಿಗೆ ಫೋನ್ ಹಚ್ಚು" ಎಂದರೆ ದೀಪದ ಅಂಗಡಿಗಳನ್ನು ತೋರಿಸಿತು. ಕೊನೆಗೆ ಅವರು ಕಾರ್ಖಾನೆಯ ಮ್ಯಾನೇಜರ್ ಮುಂದೆ ನಿಂತವರಂತೆ ಗಂಟಲು ಸರಿಮಾಡಿಕೊಂಡು, "ದಯವಿಟ್ಟು ಕಮಲಾಕ್ಷಿಯವರಿಗೆ ಕರೆ ಮಾಡಿ" ಎನ್ನತೊಡಗಿದರು. ಇಷ್ಟು ವರ್ಷದಲ್ಲಿ ತನ್ನನ್ನು ಯಾರೂ ಇಷ್ಟು ಮರ್ಯಾದೆಯಿಂದ ಕರೆದಿರಲಿಲ್ಲ ಎಂದು ಕಮಲಾಕ್ಷಿ ನಕ್ಕರು.

ಹೀಗೆ ಕೆಲವು ವಾರ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಗೊಲ್ಲಾಳಪ್ಪನವರು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಸೀತಾಫಲದ ಚೀಲ. ಕೂರುವ ಮೊದಲೇ ಮಲ್ಲಪ್ಪನವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಆರಾಮ ಅದೀರಲ್ಲ. ಇಷ್ಟ ದಿನ ಆತು, ಒಂದು ಫೋನಿಲ್ಲ. ಏನರ ಆಗೇತೇನೋ ಅಂತ ಜೀವ ತಡೀಲಿಲ್ಲ. ಬಸ್ ಹಿಡಕೊಂಡು ಬಂದೆ."

ಮಲ್ಲಪ್ಪನವರು ಬಲಗೈಯನ್ನು ಅವರ ಮುಂದೆ ಚಾಚಿ ತೋರಿಸಿದರು. ಬೆರಳು, ಫೋಟೋಗಳ ಸಾಲು, ರೈತು ಬಜಾರು, ಎಲ್ಲ ಹೇಳಿದರು. ಗೊಲ್ಲಾಳಪ್ಪನವರು ಕೇಳುತ್ತ ಕೇಳುತ್ತ ಚಪ್ಪೆಯಾದರು.

"ಅಂದ್ರ ಅವೆಲ್ಲ ತಪ್ಪಿ ಹತ್ತಿದ್ದು?"

"ಹೂಂ ರಿ."

"ಹುಳಿಯನ್ನ ಕೇಳಿದ್ದೂ?"

"ಬಾಯಿಗೆ ಬಂದಿದ್ದು ಕೇಳಿದ್ದೆ."

"ನಾ ಅಂತೂ ಖರೇನ ಹೇಳಿದ್ದೆ ನೋಡ್ರಿ" ಎಂದು ಗೊಲ್ಲಾಳಪ್ಪನವರು ಮುಖ ಪಕ್ಕಕ್ಕೆ ತಿರುಗಿಸಿದರು. ಅದರಲ್ಲಿ ನೋವಿತ್ತು. ನೀವು ಹೇಳಿದ ಹುಳಿಯನ್ನ ಆ ವಾರವೇ ಮನೆಯಲ್ಲಿ ಮಾಡಿದ್ದೆ, ಮೆಂತ್ಯ ಹುರಿದು ಹಾಕಬೇಕೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ ಎಂದು ಕಮಲಾಕ್ಷಿ ಅಡುಗೆಮನೆಯಿಂದ ಹೇಳಿದರು. ಅದು ನಿಜವೂ ಆಗಿತ್ತು. ಗೊಲ್ಲಾಳಪ್ಪನವರು ಸ್ವಲ್ಪ ಸಡಿಲಾಗಿ, ಮೆಂತ್ಯ ಎಷ್ಟು ಹಾಕಿದಿರಿ ಎಂದು ವಿಚಾರಿಸಿದರು.

ಊಟ ಮಾಡಿ, ಮಧ್ಯಾಹ್ನ ಅಲ್ಲೇ ಸೋಫಾದ ಮೇಲೆ ಒಂದು ನಿದ್ದೆ ತೆಗೆದು ಅವರು ಹೊರಟರು. ಈಗ ಮಲ್ಲಪ್ಪನವರು ವಾರಕ್ಕೊಮ್ಮೆ ಬೇಕೆಂದೇ ಫೋನು ಮಾಡುತ್ತಾರೆ. ಕೆಲವು ವಾರ ಮರೆಯುವುದೂ ಉಂಟು. ಆಗ ಗೊಲ್ಲಾಳಪ್ಪನವರೇ ಮಾಡುತ್ತಾರೆ, ಬೈಗುಳದಿಂದ ಶುರು ಮಾಡಿ ಮೊಣಕಾಲಿನ ತನಕ ಎಲ್ಲ ಮಾತಾಡಿ ಇಡುತ್ತಾರೆ.